ಕಣ್ಣಿ ಕೊಡದ ಮಾರಾಟ

ನಮ್ಮ ಕಡೆ ಎತ್ತು ಮಾರಿದವನು ಕಣ್ಣಿ ಮಾರುವುದಿಲ್ಲ. ಕಣ್ಣಿ ಎಂದರೆ ದನದ ಕೊರಳಿಗೆ ಹಾಕಿ ಗೂಟಕ್ಕೆ ಕಟ್ಟುವ ಹಗ್ಗ. ವ್ಯಾಪಾರ ಕುದುರಿದ ಮೇಲೆ ಕೊಂಡವನು ತನ್ನ ಮನೆಯಿಂದ ತಂದ ಹೊಸ ಕಣ್ಣಿಯನ್ನು ಎತ್ತಿಗೆ ಹಾಕುತ್ತಾನೆ. ಮಾರಿದವನು ತನ್ನ ಹಳೆಯದನ್ನು ಬಿಚ್ಚಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ನೇತುಹಾಕುತ್ತಾನೆ. ಕಣ್ಣಿಯೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಅದರ ಬೆನ್ನುಹತ್ತಿ ಹೋಗುತ್ತಾಳೆ ಎಂಬುದು ನಂಬಿಕೆ. ಕೂಡ್ಲಿಗಿ ಮತ್ತು ಕೊಟ್ಟೂರಿನ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ನಾನು ಇದನ್ನು ಯಾರಿಗೂ ಕೆಡುಕು ಮಾಡದ ಒಂದು ಹಳೆಯ ರೂಢಿ ಎಂದುಕೊಂಡಿದ್ದೆ. ನನ್ನ ಅಕ್ಕನ ಬಲಗೈಯ ಪ್ರಶ್ನೆ ಬಂದಾಗ ಈ ಕಣ್ಣಿಯ ವಿಷಯವನ್ನು ನಾನು ಮೊದಲಿನಿಂದ ಯೋಚಿಸಬೇಕಾಯಿತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡಂದಿನಿಂದ ಕೊಟ್ಟೂರಿನಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಜೊತೆಗಿದ್ದಾಳೆ. ಒಂದು ಬೆಳಿಗ್ಗೆ ಚಹಾದ ಲೋಟ ಅವಳ ಬಲಗೈಯಿಂದ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಲಕ್ವ ಹೊಡೆದಿತ್ತು. ಮಾತು ಎಂಟು ದಿನಕ್ಕೆ ಮರಳಿತು, ಕಾಲು ಒಂದು ತಿಂಗಳಿಗೆ ಮರಳಿತು, ಕೈ ಮರಳಲಿಲ್ಲ. ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಲು ಹೆಬ್ಬೆರಳೂ ಎರಡು ಬೆರಳೂ ಸಾಕು. ಆದರೆ ಅವು ಎದುರುಬದುರು ನಿಂತು ಒಂದನ್ನೊಂದು ಒತ್ತಬೇಕು. ಅಕ್ಕನ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು ಮಲಗಿಬಿಟ್ಟಿತ್ತು.

ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಅವಳು ತಾಟು ಹಿಡಿದು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನನ್ನ ಹೆಂಡತಿ ನಾಲ್ಕಾರು ದಿನ ಮೂವರ ತಾಟನ್ನೂ ಪಡಸಾಲೆಯಲ್ಲೇ ಹಚ್ಚಿಟ್ಟಳು. ಅಕ್ಕ ತನ್ನದನ್ನು ಎತ್ತಿಕೊಂಡು ಒಳಗೆ ಹೋಗುವಳು. ಐವತ್ತು ವರ್ಷ ಹತ್ತಾರು ಆಳುಗಳಿಗೆ ಹೊಲದಲ್ಲಿ ಬುತ್ತಿ ಬಿಚ್ಚಿ ಬಡಿಸಿದ ಹೆಂಗಸು ಗೋಡೆಯೊಂದಿಗೆ ಉಣ್ಣುವುದನ್ನು ನಾನು ಬಾಗಿಲ ಸಂದಿಯಿಂದ ಒಮ್ಮೆ ಕಂಡೆ. ಮತ್ತೆ ನೋಡುವ ಧೈರ್ಯ ಆಗಲಿಲ್ಲ.

ಹರಪನಹಳ್ಳಿಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರು ಮೊದಲು ಒಂದು ಸ್ಪಂಜಿನ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಂಡಲು ಹೇಳಿದರು. ಮೂರನೆಯ ದಿನ ಅಕ್ಕ ಅದನ್ನು ಅವರ ಮೇಜಿನ ಮೇಲಿಟ್ಟು, ಇದನ್ನು ಎಷ್ಟು ಹಿಂಡಿದರೂ ಎಣ್ಣೆಯಂತೂ ಬರಲಿಲ್ಲ ಎಂದು ದೂರಿದಳು. ಡಾಕ್ಟರಮ್ಮ ನಕ್ಕರು, ಆಮೇಲೆ ಗಂಭೀರವಾಗಿ ನನಗೆ ಎರಡು ಮಾತು ಹೇಳಿದರು. ಲಕ್ವ ಹೊಡೆದ ಕೈ ಕಲಿಯುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ, ಆಮೇಲೆ ಕಲಿಕೆ ಬಹಳ ನಿಧಾನ. ಎರಡನೆಯದು, ಬೇಸರ ಬಂದ ಕೈ ಕಲಿಯುವುದೇ ಇಲ್ಲ. ಅವರ ಬಳಿ ಭುಜ ಮುರಿದುಕೊಂಡು ಬಂದಿದ್ದ ಹಿರೇಹಡಗಲಿಯ ಎತ್ತಿನ ವ್ಯಾಪಾರಿಯೊಬ್ಬ ಟಿವಿಗೆ ಹಚ್ಚುವ ಆಟದ ಯಂತ್ರವೊಂದನ್ನು ಕೊಂಡು, ಆಡುತ್ತಾಡುತ್ತಲೇ ತೋಳು ಸರಿಮಾಡಿಕೊಂಡಿದ್ದನಂತೆ. ಈಗ ಅವನಿಗೆ ಅದು ಬೇಡವಾಗಿತ್ತು.

ಯಂತ್ರ ನಮ್ಮ ಮನೆಗೆ ಬಂದಾಗ ಅಕ್ಕ ಬಿದ್ದು ನಲವತ್ತೆರಡು ದಿನಗಳಾಗಿದ್ದವು. ವ್ಯಾಪಾರಿ ಅದನ್ನು ಹಿಂಡಿಯ ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. ಬಿಳಿಯ ಪೆಟ್ಟಿಗೆ, ಜೊತೆಗೆ ಕೈಯಲ್ಲಿ ಹಿಡಿಯುವ ಒಂದು ಹಿಡಿಕೆ. ಹಿಡಿಕೆಯನ್ನು ಮುಂಗೈಗೆ ಪಟ್ಟಿಯಿಂದ ಬಿಗಿದು ಕೈ ಬೀಸಿದರೆ ಪರದೆಯ ಮೇಲೆ ಒಂದು ಚೆಂಡು ಉರುಳಿಹೋಗಿ ಹತ್ತು ಗೂಟಗಳನ್ನು ಕೆಡಹುತ್ತದೆ. ಬೆರಳು ಸಡಿಲಿಸಿದ ಕ್ಷಣಕ್ಕೆ ಚೆಂಡು ಹೊರಡುತ್ತದೆ. ಆದ್ದರಿಂದ ಹಿಡಿಯುವುದನ್ನೂ ಬಿಡುವುದನ್ನೂ ಕಲಿಯಲೇಬೇಕು. ವ್ಯಾಪಾರಿ ಒಳ್ಳೆಯ ಮನುಷ್ಯ. ಎತ್ತಿನ ಹಲ್ಲು ತೋರಿಸುವವನ ಶ್ರದ್ಧೆಯಿಂದ ಎಲ್ಲವನ್ನೂ ತೋರಿಸಿದ. ಚಹಾ ಕುಡಿದು ಎದ್ದ. ಎದ್ದವನು ಪೆಟ್ಟಿಗೆಗೆ ಕರೆಂಟು ಕೊಡುವ ವೈರನ್ನು, ಅದರ ನಡುವೆ ಇದ್ದ ಕಪ್ಪು ಅಡಾಪ್ಟರಿನ ಸಮೇತ, ಕಿತ್ತು ಮೊಣಕೈಗೆ ಸುತ್ತತೊಡಗಿದ.

ಅದನ್ನೇಕೆ ಬಿಚ್ಚುತ್ತೀರೆಂದು ಕೇಳಿದೆ.

"ಕಣ್ಣಿ ಕೊಡಾದಿಲ್ರಿ ಮೇಷ್ಟ್ರ," ಎಂದ, ನನ್ನ ಪ್ರಶ್ನೆಗೇ ಆಶ್ಚರ್ಯಪಟ್ಟವನಂತೆ.

ಇದು ಹಗ್ಗವಲ್ಲ, ಯಂತ್ರದ ಅಂಗ, ಇದಿಲ್ಲದೆ ಅದು ಉಸಿರಾಡುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ಮಂಚದ ಮೇಲಿಂದ ಅಕ್ಕ ನನ್ನನ್ನು ತಡೆದಳು. "ಸುಮ್ಕಿರಲೇ ತಮ್ಮಾ. ಅವ್ರು ಬಿಟ್ಟು ಹೋಗಿದ್ರ ನಾನಾ ಕೊಟ್ಟು ಕಳಿಸ್ತಿದ್ದೆ. ಮಂದಿ ಕಣ್ಣಿ ಹಾಕ್ಕಂಡ ದನ ನಮ್ಮ ಮನ್ಯಾಗ ನಿಂದ್ರತೈತೇನು?"

ವ್ಯಾಪಾರಿಯೂ ಅವಳೂ ಪರಸ್ಪರ ಒಪ್ಪಿಗೆಯಿಂದ ತಲೆದೂಗಿದರು. ಆ ಪಡಸಾಲೆಯಲ್ಲಿ ನಾನೊಬ್ಬನೇ ತಿಳಿಗೇಡಿ ಎಂಬಂತಾಯಿತು. ಮರುದಿನ ಕೂಡ್ಲಿಗಿಗೆ ಹೋಗಿ ಅಂಥದೇ ಇನ್ನೊಂದು ವೈರು ತಂದೆ. ಹೊಂದಿತು, ಪೆಟ್ಟಿಗೆ ಹೊತ್ತಿಕೊಂಡಿತು.

ಹೊರಡುವ ಮುನ್ನ ವ್ಯಾಪಾರಿ ಇನ್ನೊಂದು ಸಂಗತಿ ಹೇಳಿದ್ದ. ಪೆಟ್ಟಿಗೆ ಆಗಾಗ ಆರು ಅಂಕಿಯ ಗುಪ್ತಸಂಖ್ಯೆ ಕೇಳುತ್ತದೆ, ಅದು ತನ್ನ ಮೊಬೈಲಿಗೆ ಬರುತ್ತದೆ, ಫೋನು ಮಾಡಿದರೆ ಓದಿ ಹೇಳುತ್ತೇನೆ ಎಂದು. ನಾನು ಅವನ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಪೆಟ್ಟಿಗೆಯ ಕೊರಳಿಗೆ ಇನ್ನೊಂದು ಕಣ್ಣಿ ಇದೆ, ಅದರ ತುದಿ ವ್ಯಾಪಾರಿಯ ಕೈಯಲ್ಲೂ ಇಲ್ಲ ಎಂಬುದು ನನಗಾಗಲಿ ಅವನಿಗಾಗಲಿ ಆ ದಿನ ಹೊಳೆಯಲಿಲ್ಲ.

ಆ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ. ಮೊದಲ ದಿನ: ಸೊನ್ನೆ. ಚೆಂಡು ದಾರಿ ಬಿಟ್ಟು ಬದಿಯ ಕಾಲುವೆಗೆ ಬಿತ್ತು. ಎರಡನೆಯ ದಿನ: ಸೊನ್ನೆ. ಐದನೆಯ ದಿನ ಒಂದು ಗೂಟ ಬಿತ್ತು. ಅಕ್ಕ ಗೂಟಗಳಿಗೆ ಹೆಸರಿಟ್ಟಳು. ಎಲ್ಲವೂ ಗಂಡನ ಮನೆಯ ಕಡೆಯವರ ನಂಟಿನ ಹೆಸರುಗಳು. ಎಷ್ಟು ಹೊಡೆದರೂ ಅಲುಗದೆ ನಡುವೆ ನಿಲ್ಲುವುದು ನಾದಿನಿ. ಹದಿನೇಳನೆಯ ದಿನ "ನಾದಿನಿ ಬಿದ್ಲು" ಎಂದು ಅವಳು ಕೂಗಿದ್ದು ಕೇಳಿ ನನ್ನ ಹೆಂಡತಿ, ಹೊರಗೆ ಯಾರೋ ಜಾರಿಬಿದ್ದರೆಂದು ಅಂಗಳಕ್ಕೆ ಓಡಿದಳು. ನಲವತ್ತನೆಯ ದಿನ ಹತ್ತರಲ್ಲಿ ಆರು. ಅದೇ ವಾರ ಹೆಬ್ಬೆರಳು ಅಂಗೈಯಿಂದ ಹೊರಗೆ ಬಂದು, ಹಾಲಿನಲ್ಲಿ ನೆನೆದ ರೊಟ್ಟಿಯ ಚೂರೊಂದನ್ನು ತೋರುಬೆರಳಿಗೆ ಒತ್ತಿ ಹಿಡಿಯಿತು. ಅಕ್ಕ ಅಡುಗೆಮನೆ ಬಿಟ್ಟು ಬರಲಿಲ್ಲ, ನಿಜ. ಆದರೆ ಅಂದು ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂತಳು. ನಾನು ಅದನ್ನೂ ಬರೆದುಕೊಂಡೆ.

ಐವತ್ತಮೂರನೆಯ ಬೆಳಿಗ್ಗೆ ಪೆಟ್ಟಿಗೆ ಇಂಟರ್‌ನೆಟ್ಟಿನ ಮೂಲಕ ತನ್ನನ್ನು ತಾನೇ ಹೊಸದಾಗಿಸಿಕೊಂಡಿತು. ಯಾರೂ ಕೇಳಿರಲಿಲ್ಲ. ಹೊಸದಾದ ಮೇಲೆ ಗುಪ್ತಸಂಖ್ಯೆ ಕೇಳಿತು. ವ್ಯಾಪಾರಿಗೆ ಫೋನು ಮಾಡಿದೆ. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂಬ ಧ್ವನಿ ಬಂತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು: ಈ ಸಾಧನ ಬಳಸಲು ನಿಮಗೆ ಅನುಮತಿ ಇದೆಯೆಂದು ಖಚಿತವಾಗಬೇಕು, ಅಲ್ಲಿಯವರೆಗೆ ಆಟಗಳು ಲಭ್ಯವಿಲ್ಲ. ಅಕ್ಕ ಆಗಲೇ ಹಿಡಿಕೆಯನ್ನು ಕೈಗೆ ಬಿಗಿಸಿಕೊಂಡು ಕೂತಿದ್ದಳು. ಅದನ್ನು ನಾನೇ ಬಿಚ್ಚಬೇಕಾಯಿತು.

ಕಂಪನಿಯ ಸಹಾಯವಾಣಿಯನ್ನು ನಾನು ಒಟ್ಟು ಹದಿಮೂರು ಸಲ ಮಾತಾಡಿಸಿದ್ದೇನೆ. ಹದಿಮೂರರ ವಿವರವನ್ನೂ ಅದೇ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ಬರೆದುಕೊಂಡೆ. ಮೊದಲನೆಯ ಧ್ವನಿ ನೀವು ಯಾರೆಂದು ಕೇಳಿತು. ಮಾಲೀಕ ಎಂದೆ. ನಮ್ಮ ದಾಖಲೆಯಲ್ಲಿ ನೀವು ಇಲ್ಲ ಎಂದಿತು, ಬದುಕಿರುವವನಿಗೆ ಮರಣಪತ್ರ ಓದಿ ಹೇಳುವ ನಿರಾಳತೆಯಿಂದ. ಎರಡನೆಯದು ನನ್ನನ್ನು ಸಂಗೀತದ ಮುಂದೆ ಕೂರಿಸಿ ಹೋಗಿ, ಮರಳಿ ಬರಲೇ ಇಲ್ಲ. ಮೂರನೆಯದು ನಾನು ಅಕ್ಕನ ಕೈಯ ವಿಷಯ ಹೇಳುತ್ತಿರುವಾಗ ನಡುವೆ ತಡೆದು, ಚಿಕಿತ್ಸೆಗೆಂದು ಈ ಸಾಧನವನ್ನು ತಯಾರಿಸಿಲ್ಲ ಎಂದಿತು. ಅಂದರೆ ಕೈ ವಾಸಿಯಾಗುತ್ತಿದ್ದದ್ದೂ ಅವರ ಅನುಮತಿಯಿಲ್ಲದ ಬಳಕೆಯೇ ಇರಬೇಕು. ಪ್ರತಿಯೊಬ್ಬರೂ ಏನನ್ನೂ ಮಾಡಿಕೊಡದೆ, ಬೇರೆ ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿಯೇ ಫೋನು ಇಟ್ಟರು. ಆಮೇಲೆ ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಎಂಬ ಸಂದೇಶ. ನಾನು ಒಂದೂ ಕೊಡಬಾರದೆಂದಿದ್ದೆ. ಅದಕ್ಕೂ ಅಲ್ಲಿ ಅವಕಾಶವಿಲ್ಲ. ಕಡಿಮೆಯೆಂದರೂ ಒಂದನ್ನು ಕೊಡಲೇಬೇಕು. ಸೊನ್ನೆ ಅಂಕ ಪಡೆಯುವ ಹಕ್ಕು ನನ್ನ ಶಾಲೆಯ ಅತಿ ದಡ್ಡ ಹುಡುಗನಿಗೂ ಇತ್ತು.

ಏಳನೆಯ ಸಲ ಮಾತಾಡಿದಾಕೆ ಮಾತ್ರ ಒಂದು ದಾರಿ ತೋರಿಸಿದಳು. ಪೆಟ್ಟಿಗೆಯನ್ನು ಮೊದಲು ಕೊಂಡವರು ತಾವೇ ಮಾತಾಡಬೇಕು, ಮೂಲ ರಸೀದಿಯ ಚಿತ್ರ ಕಳಿಸಬೇಕು, ಪೆಟ್ಟಿಗೆಯೊಂದಿಗೆ ಬಂದ ಮೂಲ ಅಡಾಪ್ಟರಿನ ಮೇಲೆ ಅಂಟಿಸಿದ ಸಂಖ್ಯೆಯ ಚಿತ್ರವನ್ನೂ ಕಳಿಸಬೇಕು. ನಾನು ಕೂಡ್ಲಿಗಿಯಿಂದ ತಂದ ಅಡಾಪ್ಟರನ್ನು ತಿರುಗಿಸಿ ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ.

ಮರುದಿನವೇ ಹಿರೇಹಡಗಲಿಗೆ ಹೋದೆ. ಎತ್ತಿನ ವ್ಯಾಪಾರಿಯ ಮನೆಯನ್ನು ಅಲ್ಲಿ ಯಾರು ಬೇಕಾದರೂ ತೋರಿಸುತ್ತಾರೆ. ಫೋನು ಸಂತೆಯಲ್ಲಿ ಕಳೆದುಹೋಯಿತಂತೆ; ಹೊಸ ಫೋನು, ಹೊಸ ನಂಬರು. ನನಗೆ ತಿಳಿಸೋಣವೆಂದರೆ ನನ್ನ ನಂಬರೂ ಹಳೆಯ ಫೋನಿನಲ್ಲೇ ಹೋಗಿತ್ತು. ಬಹಳ ನೊಂದುಕೊಂಡು, ಟ್ರಂಕಿನಿಂದ ರಸೀದಿ ತೆಗೆದುಕೊಟ್ಟ. ಕೊಟ್ಟಿಗೆಗೆ ಕರೆದೊಯ್ದ.

ಕೊಟ್ಟಿಗೆಯ ಒಂದು ಗೋಡೆಯ ಉದ್ದಕ್ಕೂ ಗೂಟಗಳು, ಗೂಟಗಳ ಮೇಲೆ ಕಣ್ಣಿಗಳು. ಕೆಲವು ಸವೆದು ಕೂದಲಿನಷ್ಟು ಮೆತ್ತಗಾಗಿದ್ದವು. ಅವನು ಮುಟ್ಟಿ ಮುಟ್ಟಿ ಹೇಳಿದ: ಇದು ತಂಬ್ರಹಳ್ಳಿಗೆ ಹೋದ ಮಾಸ ಬಣ್ಣದ ಎತ್ತಿನದು, ಇದು ನೀಲಗುಂದಕ್ಕೆ ಕೊಟ್ಟ ಜೋಡಿಯದು, ಇದು ತನ್ನ ಭುಜ ಮುರಿದವನದು. ಅವುಗಳ ನಡುವೆ, ಒಂದು ಗೂಟದಲ್ಲಿ, ಅಚ್ಚುಕಟ್ಟಾಗಿ ಸುತ್ತಿದ ಕಪ್ಪು ವೈರು. ಅಡಾಪ್ಟರು ಗಂಟೆಯ ಹಾಗೆ ತೂಗುತ್ತಿತ್ತು. ಒರೆಸಿ ನೋಡಿದೆ, ಸಂಖ್ಯೆ ಇತ್ತು. ಚಿತ್ರ ತೆಗೆದೆ. ಆ ಕ್ಷಣ ನನಗೆ ಗೆದ್ದಂತೆಯೇ ಅನ್ನಿಸಿತ್ತು.

ಅಲ್ಲೇ ಕೊಟ್ಟಿಗೆಯಲ್ಲಿ ನಿಂತು, ಇಬ್ಬರಿಗೂ ಕೇಳುವಂತೆ ಧ್ವನಿ ದೊಡ್ಡದಿಟ್ಟು, ಒಂಬತ್ತನೆಯ ಸಲ ಫೋನು ಮಾಡಿದೆವು. ಕನ್ನಡ ಬಲ್ಲ ತರುಣನೊಬ್ಬ ಸಿಕ್ಕ. ಚಿತ್ರಗಳು ತಲುಪಿವೆ, ಸಂಖ್ಯೆಗಳು ತಾಳೆಯಾಗುತ್ತವೆ ಎಂದ. ವ್ಯಾಪಾರಿಯ ಹೆಸರು, ಊರು, ಹಳೆಯ ನಂಬರು ಕೇಳಿದ. ಎಲ್ಲಕ್ಕೂ ಸರಿಯಾದ ಉತ್ತರ ಸಿಕ್ಕಿತು. ಕೊನೆಯದಾಗಿ, ಸಾಧನ ಈಗ ನಿಮ್ಮ ಬಳಿಯೇ ಇದೆಯಲ್ಲವೇ ಎಂದು ಕೇಳಿದ.

ಆ ಪ್ರಶ್ನೆಯಲ್ಲಿ ಕುಣಿಕೆ ಇದೆಯೆಂದು ವ್ಯಾಪಾರಿಗಿಂತ ಅರೆಗಳಿಗೆ ಮೊದಲೇ ನನಗೆ ತಿಳಿಯಿತು. ಅವನನ್ನು ತಡೆಯಲು ಕೈಯನ್ನೂ ಎತ್ತಿದೆ. ಆದರೆ ಎದುರಿಗಿದ್ದವನು ನಲವತ್ತು ವರ್ಷ, ಕೇಳಿದವರಿಗೆ ಎತ್ತಿನ ಹಲ್ಲು, ಸುಳಿ, ಒದೆಯುವ ಗುಣ ಎಲ್ಲವನ್ನೂ ಮುಚ್ಚಿಡದೆ ಹೇಳಿ ಹೆಸರು ಉಳಿಸಿಕೊಂಡ ವ್ಯಾಪಾರಿ.

"ಇಲ್ರಿ," ಎಂದ. "ಮೇಷ್ಟ್ರಿಗೆ ಮಾರೀನಿ. ಈಗ ಅದು ಅವ್ರ ಅಕ್ಕಂದು."

ಅತ್ತ ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ತರುಣ ಓದತೊಡಗಿದ. ಓದುತ್ತಿದ್ದಾನೆಂಬುದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಖಾತೆಯನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆಟಗಳನ್ನು ಬಳಸಲು ಖಾತೆದಾರರಿಗೆ ಮಾತ್ರ ಅನುಮತಿ ನೀಡಲಾಗಿದೆ, ಮಾರಾಟ ಮಾಡಲಾಗಿಲ್ಲ. ನಿಯಮ ಮುರಿದದ್ದರಿಂದ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗುತ್ತಿದೆ.

ತಾನು ಕೊಂಡದ್ದು ಸುಳ್ಳೇ ಎಂದು ವ್ಯಾಪಾರಿ ಕೇಳಿದ. ಪೆಟ್ಟಿಗೆ ನಿಮ್ಮದೇ ಸರ್, ಆಟಕ್ಕೆ ಮಾತ್ರ ಅನುಮತಿ ಎಂದು ತರುಣ ಸಮಾಧಾನ ಹೇಳಿದ.

"ಹಂಗಾರ ಎತ್ತು ನಂದು, ನಡಗಿ ನಿಮ್ದು ಅಂದಂಗಾತು," ಎಂದ ವ್ಯಾಪಾರಿ.

ತರುಣ ಮತ್ತೆ ಕಾಗದಕ್ಕೆ ಮರಳಿದ. ಬೇರೆ ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದ.

ವ್ಯಾಪಾರಿ ದನಕ್ಕೆ ಮೇವು ಹಾಕುವ ಗ್ವಾದಲಿಯ ಅಂಚಿನ ಮೇಲೆ ಕೂತ. ಗೋಡೆಯ ಕಡೆ ನೋಡುತ್ತಾ, ಇಷ್ಟು ಕಣ್ಣಿ ಇಟ್ಟುಕೊಂಡಿದ್ದೇನೆ, ಒಂದನ್ನು ಹಿಡಿದೂ ಕೊಟ್ಟ ಎತ್ತನ್ನು ಹಿಂದಕ್ಕೆ ಎಳೆದವನಲ್ಲ ನಾನು ಎಂದ. ಆ ಮಾತು ನನ್ನಲ್ಲಿ ನಾಟಿಕೊಂಡಿದೆ. ನಮ್ಮವರು ಕಣ್ಣಿ ಉಳಿಸಿಕೊಳ್ಳುವುದು ತಮ್ಮ ಕೊಟ್ಟಿಗೆಯ ಅದೃಷ್ಟಕ್ಕಾಗಿ. ಕೊಂಡವನ ಹೊಲದಲ್ಲಿ ನೇಗಿಲು ಎಳೆಯುತ್ತಿರುವ ಎತ್ತು ಅದರಿಂದ ಅರ್ಧ ಸಾಲಿನಲ್ಲಿ ನಿಲ್ಲುವುದಿಲ್ಲ. ವ್ಯಾಪಾರಿ ಎದ್ದು ಗೂಟದಿಂದ ಆ ಕಪ್ಪು ವೈರನ್ನು ತೆಗೆದು ನನ್ನ ಚೀಲದಲ್ಲಿ ಹಾಕಿದ. ಪದ್ಧತಿ ಮುರಿಯುವುದು ಬೇಡವೆಂದೆ. "ಒಯ್ರಿ ಮೇಷ್ಟ್ರ. ಇದು ನನ್ನ ಕೊಟಗಿ ಲಕ್ಷ್ಮಿ ಅಲ್ಲಂತ ಈಗ ಗೊತ್ತಾತು," ಎಂದ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಆ ವೈರನ್ನು ಯಂತ್ರಕ್ಕೆ ಹಚ್ಚಲು ಬಿಡಲಿಲ್ಲ. ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿಸಿದಳು. ಆಟ ಹೋಯಿತೇ ಎಂದು ಕೇಳಿದಳು. ಹೋಯಿತು ಎಂದೆ.

ನಾನು ಸುಮ್ಮನಿರಲಿಲ್ಲ. ಕಂಪನಿಯ ಒಪ್ಪಂದವನ್ನು ತರಿಸಿ, ಅಂಗಡಿಯಲ್ಲಿ ಪೂರ್ತಿ ಮುದ್ರಿಸಿಕೊಂಡು, ಭೂತಗನ್ನಡಿ ಹಿಡಿದು ನಾಲ್ಕು ದಿನ ಓದಿದೆ. ಅದಕ್ಕೆ ಒಪ್ಪಿಗೆಯೆಂದು ಗುಂಡಿ ಒತ್ತಿದವರಲ್ಲಿ ನಾನೊಬ್ಬನೇ ಅದನ್ನು ಓದಿದವನಿರಬೇಕು. ಲಾವಣಿಗೆ, ಎಂದರೆ ಗುತ್ತಿಗೆಗೆ, ಹಾಕಿದ ಹೊಲದ ಕರಾರುಗಳನ್ನು ನಾನು ಬಹಳ ಬರೆದುಕೊಟ್ಟಿದ್ದೇನೆ. ಲಾವಣಿಯಲ್ಲಿ ಹೊಲದ ಒಡೆಯನ ಮುಖ ಗೊತ್ತಿರುತ್ತದೆ, ಚೆಕ್ಕುಬಂದಿ ಇರುತ್ತದೆ, ಮುದ್ದತ್ತು ಇರುತ್ತದೆ, ಇಬ್ಬರ ರುಜುವೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಥ ಕೆಡುಕ ಒಡೆಯನೂ ನಿಂತ ಬೆಳೆಯ ನಡುವೆ ಹೊಲ ಬಿಡಿಸುವುದಿಲ್ಲ. ಕೊಯ್ಲು ಮುಗಿಯುವವರೆಗೆ ಕಾಯುತ್ತಾನೆ. ಈ ಒಪ್ಪಂದದಲ್ಲಿ ಅವರು ಬೇಕೆಂದಾಗ ಬೇಕಾದ ಷರತ್ತನ್ನು ಬದಲಿಸಬಹುದು, ಬದಲಿಸಿದ್ದು ನಮಗೆ ಗೊತ್ತಿರಲೇಬೇಕೆಂದಿಲ್ಲ, ಗೊತ್ತಿಲ್ಲದೆಯೂ ನಾವು ಒಪ್ಪಿದಂತೆಯೇ. ಅಕ್ಕನ ಕೈ ನಿಂತ ಬೆಳೆಯಾಗಿತ್ತು. ಇದನ್ನೆಲ್ಲ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ತಲುಪಿದ್ದಕ್ಕೆ ಸಹಿ ಬಂತು, ಉತ್ತರ ಬರಲಿಲ್ಲ. ಮತ್ತೆ ನಾಲ್ಕು ಸಲ ಫೋನು ಮಾಡಿದೆ. ಹದಿಮೂರನೆಯ ಧ್ವನಿ, ಮುಚ್ಚಿದ ಖಾತೆಯ ಬಗ್ಗೆ ಮಾತಾಡಲು ತೆರೆದ ಖಾತೆ ಇರಬೇಕು ಎಂದಿತು. ನಾನು ಆ ವಾಕ್ಯವನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದೇನೆ.

ಇತ್ತ ಹೆಬ್ಬೆರಳು ಮೆಲ್ಲಮೆಲ್ಲನೆ ಅಂಗೈಯೊಳಗೆ ಹೋಯಿತು. ಸ್ಪಂಜಿನ ಚೆಂಡನ್ನು ಅಕ್ಕ ಕೈಯಲ್ಲಿ ಹಿಡಿಯುವಳು, ಹಿಂಡಲು ಮರೆತು ಕೂರುವಳು. ಒಂದು ಮಧ್ಯಾಹ್ನ ಅವಳು ಮತ್ತೆ ಗೋಡೆಯ ಕಡೆ ತಿರುಗಿದ್ದನ್ನು ನನ್ನ ಹೆಂಡತಿ ನನಗೆ ಹೇಳಲಿಲ್ಲ, ಪಲ್ಯದ ಬಟ್ಟಲನ್ನು ಜೋರಾಗಿ ಇಟ್ಟಳು. ಹರಪನಹಳ್ಳಿಗೆ ಕರೆದೊಯ್ದಾಗ ಡಾಕ್ಟರಮ್ಮ ಬೆರಳುಗಳನ್ನು ಅಳೆದು, ಗಳಿಸಿದ್ದರಲ್ಲಿ ಅರ್ಧ ಹೋಗಿದೆ, ಹೊತ್ತು ಕಡಿಮೆ ಇದೆ, ಏನಾದರೂ ಮಾಡಿ ಎಂದರು.

ಏನಾದರೂ ಎಂದರೆ ಏನೆಂದು ಹೇಳಿದವನು ಮತ್ತೆ ವ್ಯಾಪಾರಿಯೇ. ಹೊಸ ನಂಬರಿನಿಂದ ಫೋನು ಮಾಡಿ, ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲು ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ, ಇಂಥ ಪೆಟ್ಟಿಗೆಯ ಬೀಗವನ್ನೂ ತೆಗೆಯುತ್ತಾಳಂತೆ ಎಂದ. ನಾನು ಒಪ್ಪಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಸಹೋದ್ಯೋಗಿಯ ಮಗನನ್ನೇ ಚೀಟಿ ಹಿಡಿದು ಹೊರಗೆ ಕಳಿಸಿದವನು ನಾನು. ಆ ಸಹೋದ್ಯೋಗಿ ಹನ್ನೊಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ. ಹಾಕಿದ ಬೀಗವನ್ನು ಕದ್ದು ತೆಗೆಸುವುದು ನನ್ನಿಂದಾಗದು ಎಂದು ಅಕ್ಕನೆದುರು ಹೇಳಿದೆ.

ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು: "ಪೆಟಗಿ ನಿಮ್ದು ಅಂತ ಅವನಾ ಅಂದನಲ್ಲ? ನಮ್ಮನಿ ಬಾಗಲಾ ನಾವು ತಗದ್ರ ಅದು ಕಳುವೇನು, ಮೇಷ್ಟ್ರ?"

ತಮ್ಮಾ ಎನ್ನದೆ ಮೇಷ್ಟ್ರ ಎಂದು ಅವಳು ನನ್ನನ್ನು ಕರೆದದ್ದು ಅದೊಂದೇ ಸಲ.

ಮರುದಿನ ಪೆಟ್ಟಿಗೆಯನ್ನು ಅದೇ ಹಿಂಡಿಯ ಚೀಲದಲ್ಲಿಟ್ಟುಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಆಕೆಗೆ ನಲವತ್ತರ ಆಸುಪಾಸು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಯಾರದೋ ಫೋನಿನ ಹೊಟ್ಟೆಗೆ ಹೊಲಿಗೆ ಹಾಕುವಂತೆ ಬೆಸುಗೆ ಹಾಕುತ್ತಿದ್ದಳು. ನನ್ನ ಕತೆಯನ್ನು ಮೊದಲಿನಿಂದ ಹೇಳಿದೆ. ತೆರೆದರೆ ಈ ಪೆಟ್ಟಿಗೆಯನ್ನು ಮುಂದೆಂದೂ ಇಂಟರ್‌ನೆಟ್ಟಿಗೆ ಜೋಡಿಸಬಾರದು, ಜೋಡಿಸಿದರೆ ಅವರು ಅದನ್ನು ಪೂರ್ತಿ ಕೊಂದೇಬಿಡಬಹುದು ಎಂದು ಎಚ್ಚರಿಸಿದಳು. ಅಕ್ಕ ಗಳಿಸಿದ ಅಂಕಗಳು ಕಂಪನಿಯ ಬಳಿ ಇವೆ, ಅವು ಬರುವುದಿಲ್ಲ. ನಾನು ಜೇಬಿನಿಂದ ಕಾಗದ ತೆಗೆದು, ಪೆಟ್ಟಿಗೆ ನನ್ನದೆಂದೂ, ಅದನ್ನು ನನ್ನ ಸ್ವಂತ ಇಚ್ಛೆಯಿಂದ ತೆರೆಸುತ್ತಿರುವೆನೆಂದೂ, ಕಾನೂನಿನ ದೃಷ್ಟಿಯಲ್ಲಿ ಇದು ತಪ್ಪೋ ಸರಿಯೋ ನನಗೆ ತಿಳಿಯದೆಂದೂ, ತಪ್ಪಾದರೆ ಅದು ನನ್ನೊಬ್ಬನದೇ ಎಂದೂ ಬರೆದು ರುಜು ಹಾಕಿ ಕೊಟ್ಟೆ.

"ಸರ, ಫೋನಿನ ಗ್ಲಾಸು ಹಾಕಸಾಕ ಬಂದೋರು ಯಾರೂ ನನಗ ಇಂಥಾ ಪತ್ರ ಕೊಟ್ಟಿಲ್ರಿ," ಎಂದಳು. ಆದರೂ ಮಡಚಿ ಡಬ್ಬಿಯಲ್ಲಿಟ್ಟುಕೊಂಡಳು.

ಕೆಲಸ ಒಂದು ಗಂಟೆಯಷ್ಟೂ ಹಿಡಿಯಲಿಲ್ಲ. ಆಟವನ್ನು ಎಲ್ಲಿಂದ ತರಿಸಿದೆಯಮ್ಮಾ ಎಂದು ಕೇಳಿದೆ. ಆಕೆ ಮಸೂರ ತೆಗೆದು ನನ್ನನ್ನು ನೋಡಿದಳು. "ಎಲ್ಲಿಂದಾನೂ ಇಲ್ರಿ. ಆಟ ಒಳಗಾ ಇತ್ತು. ಬಾಗಲಾ ಹಾಕಿದ್ರು, ಅಷ್ಟಾ."

ಆ ಬೆಂಚಿನ ಮೇಲೆ ಕೂತಲ್ಲೇ ದಿನಗಳನ್ನು ಎಣಿಸಿದೆ. ಎಪ್ಪತ್ತೊಂದು ದಿನ. ಎಪ್ಪತ್ತೊಂದು ದಿನ ಆ ಚೆಂಡು, ಆ ಹತ್ತು ಗೂಟಗಳು, ಆ ನಾದಿನಿ, ಎಲ್ಲವೂ ನಮ್ಮ ಪಡಸಾಲೆಯಲ್ಲಿ, ಅಕ್ಕನ ಮಂಚದಿಂದ ಮೂರು ಮಾರು ದೂರದಲ್ಲಿದ್ದವು. ನಾನು ಆಟ ಹೋಯಿತೆಂದು ಅವಳಿಗೆ ಹೇಳಿದ್ದೆ. ಎಲ್ಲಿಗೂ ಹೋಗಿರಲಿಲ್ಲ. ಕಸಿದುಕೊಂಡು ಹೋಗಿದ್ದರೆ ಕಳ್ಳತನವೆಂದು ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತೇನೋ. ಅನ್ನದ ತಾಟನ್ನು ಎದುರಿಗೇ ಬಿಟ್ಟು ಅದರ ಮೇಲೆ ಗಾಜು ಮುಚ್ಚಿಹೋಗುವುದಕ್ಕೆ ಯಾವ ಹೆಸರಿದೆಯೋ ನನಗೆ ತಿಳಿಯದು.

ಅಕ್ಕ ಮತ್ತೆ ಸೊನ್ನೆಯಿಂದ ಆರಂಭಿಸಿದಳು. ಡಾಕ್ಟರಮ್ಮ ಹೇಳಿದ ಆರು ತಿಂಗಳಲ್ಲಿ ಉಳಿದಿದ್ದದ್ದು ಹದಿನೈದು ದಿನ. ಅವು ಮುಗಿದ ಮೇಲೂ ಅವಳು ಆಡಿದಳು. ಮೊದಲ ಸಲ ನಲವತ್ತು ದಿನಕ್ಕೆ ಆದದ್ದು ಈ ಸಲ ನೂರನ್ನು ದಾಟಿತು. ಹತ್ತರಲ್ಲಿ ಏಳರವರೆಗೆ ಬಂದು ನಿಂತಳು. ಹೆಬ್ಬೆರಳು ಹೊರಗೆ ಬಂತು, ತೋರುಬೆರಳಿನ ತುದಿಯನ್ನು ಮುಟ್ಟಲು ಒಂದು ಜೋಳದ ಕಾಳಿನಷ್ಟು ಅಂತರ ಉಳಿಯಿತು. ಆ ಎಪ್ಪತ್ತೊಂದು ದಿನ ಸಿಕ್ಕಿದ್ದರೆ ಆ ಅಂತರ ಮುಚ್ಚುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಯಾರಿಗೂ ಹೇಳಲಾಗದು ಎಂದರು. ಪ್ರಾಮಾಣಿಕ ಉತ್ತರ. ಜೀವಮಾನವಿಡೀ ಲೆಕ್ಕ ಕಲಿಸಿದವನಿಗೆ ಬಿಡಿಸಲಾಗದ ಒಂದು ಲೆಕ್ಕವನ್ನು ಆ ಕಂಪನಿ ಬಿಟ್ಟುಹೋಗಿದೆ. ಅದಕ್ಕಾಗಿಯೂ ನಾನು ಅವರನ್ನು ಕ್ಷಮಿಸಿಲ್ಲ.

ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಉಣ್ಣುತ್ತಿರುವಾಗ ಅಕ್ಕ ತಾಟು ಹಿಡಿದು ಅಡುಗೆಮನೆಯಿಂದ ಹೊರಗೆ ಬಂದು ನಮ್ಮೆದುರು ಕೂತಳು. ಬಿಸಿ ರೊಟ್ಟಿ. ಮೊದಲ ತುಣುಕು ಬೆರಳ ಸಂದಿಯಿಂದ ಜಾರಿ ಸಾರಿನಲ್ಲಿ ಬಿತ್ತು. ಎರಡನೆಯದನ್ನು ತೋರುಬೆರಳು ಮತ್ತು ನಡುಬೆರಳಿನ ನಡುವೆ ಕತ್ತರಿಯಂತೆ ಹಿಡಿದು, ಹೆಬ್ಬೆರಳನ್ನು ಬರಿಯ ಆಸರೆಗೆ ಒತ್ತಿ, ಬಾಯಿಗೆ ಒಯ್ದಳು. ನಾವಿಬ್ಬರೂ ನಮ್ಮ ನಮ್ಮ ತಾಟಿನಿಂದ ಕಣ್ಣೆತ್ತಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದು ಅವಳೇ ಹೇಳಿದಳು.

ಕಳೆದ ತಿಂಗಳು ಡಾಕ್ಟರಮ್ಮ ತಂಬ್ರಹಳ್ಳಿಯ ಒಬ್ಬ ರೈತ ಹೆಂಗಸಿನ ವಿಷಯ ತಿಳಿಸಿದರು. ಅವಳಿಗೂ ಬಲಗೈ. ಅವಳ ಗಂಡ ಪೆಟ್ಟಿಗೆ ಒಯ್ಯಲು ಬಂದ. ಚಿಕ್ಕ ವಯಸ್ಸಿನವನು, ಆದರೂ ಪದ್ಧತಿ ಬಲ್ಲವನು. ಬರುವಾಗಲೇ ಹೊಸ ವೈರೊಂದನ್ನು ಚೀಲದಲ್ಲಿ ತಂದಿದ್ದ. ಗುಪ್ತಸಂಖ್ಯೆ ಯಾರ ಫೋನಿಗೆ ಬರುತ್ತದೆಂದು ಕೇಳಿದ. ಯಾರಿಗೂ ಬರುವುದಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ, ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬೇಡ ಎಂದು ನಾನು ಮೂರು ಸಲ ಹೇಳಿ, ಒಂದು ಹಾಳೆಯಲ್ಲಿ ಬರೆದೂ ಕೊಟ್ಟೆ.

ಅಕ್ಕ ಎದ್ದು ಕನ್ನಡಿಯ ಪಕ್ಕದ ಮೊಳೆಯಿಂದ ಆ ಕಪ್ಪು ವೈರನ್ನು ತೆಗೆದಳು. ಸುತ್ತು ಬಿಚ್ಚಿಹೋಗಿತ್ತು. ಎಡಗೈಯ ಮೊಣಕೈಗೆ ಹಾಕಿಕೊಂಡು ಬಲಗೈಯಿಂದ ಸುತ್ತತೊಡಗಿದಳು. ಎರಡು ಸಲ ಜಾರಿತು. ಆ ಹುಡುಗ ಸಹಾಯಕ್ಕೆ ಮುಂದಾದಾಗ ನಾನು ಕಣ್ಣಿನಲ್ಲೇ ತಡೆದೆ. ಮೂರನೆಯ ಸಲ ಸುತ್ತು ನಿಂತಿತು. ಪೆಟ್ಟಿಗೆಯ ಮೇಲೆ ಅದನ್ನಿಟ್ಟು, ಬಲಗೈಯಿಂದಲೇ ಅವನ ಕಡೆ ಸರಿಸಿದಳು.

ಕಣ್ಣಿ ಕೊಡಬಾರದಲ್ಲ ಅಮ್ಮಾ ಎಂದು ಅವನು ಹಿಂದೆಗೆದ.

"ಒಯ್ಯಪ್ಪಾ," ಎಂದಳು ಅಕ್ಕ. "ಇದು ಎತ್ತಲ್ಲ. ಕಣ್ಣಿ ಯಾರ ಕೈಯಾಗ ಐತಿ ಅಂತ ಗೊತ್ತಾಗಾಕ ನಮಗ ಭಾಳ ದಿನ ಹಿಡೀತು. ನಿನ್ನ ಹೆಂಡತಿ ಕೈಗೆ ಅಷ್ಟು ದಿನ ಇಲ್ಲ."

ಅವನು ಪೆಟ್ಟಿಗೆಯನ್ನೂ ವೈರನ್ನೂ ಹಿಂಡಿಯ ಚೀಲದಲ್ಲಿ ಕಟ್ಟಿಕೊಂಡು ಹೋದ. ಹದಿಮೂರು ಉತ್ತರಗಳ ಹಾಳೆಗಳನ್ನು ಮಾತ್ರ ನಾನು ಕೊಡಲಿಲ್ಲ. ಅವು ಈಗ ಕನ್ನಡಿಯ ಪಕ್ಕದ ಆ ಮೊಳೆಯಲ್ಲಿವೆ, ನೋಟ್‌ಬುಕ್ಕಿನಿಂದ ಬಿಡಿಸಿ, ದಾರ ಪೋಣಿಸಿ ನೇತುಹಾಕಿದ್ದೇನೆ.